ಹಳೇ ಸೀರೆ, ಹಾಲಿನ ಪ್ಯಾಕೆಟ್, ಮುರಿದ ಕಿಟಕಿ: ಮನೆಯಲ್ಲೇ ನೇಯಲು ಯಾವ ಮಗ್ಗ, ಯಾವ ಎಳೆ?

ಜೂನ್ ಬಂತೆಂದರೆ ಕುಮಟಾದ ನಮ್ಮ ಮನೆಯಲ್ಲಿ ಒಂದೇ ಗೋಳು: ಕಾಲೊರಸು ಒಣಗುವುದಿಲ್ಲ. ಅಂಗಡಿಯಿಂದ ತಂದ ದಪ್ಪ ಹತ್ತಿಯ ಮ್ಯಾಟು ಮೂರನೇ ದಿನಕ್ಕೆ ಮುಗ್ಗಲು ನಾರುತ್ತದೆ, ವಾರ ಕಳೆಯುವಷ್ಟರಲ್ಲಿ ಅಂಚಿಗೆ ಬೂಷ್ಟು. ಅತ್ತ ಕಪಾಟಿನಲ್ಲಿ ಯಾರೂ ಉಡದ ಪಾಲಿಯೆಸ್ಟರ್ ಸೀರೆಗಳ ರಾಶಿ. ಮದುವೆ, ಮುಂಜಿ, ಗೃಹಪ್ರವೇಶದಲ್ಲಿ ಬಂದಿದ್ದು. ಉಡಲು ಮನಸ್ಸಿಲ್ಲ, ಎಸೆಯಲು ಕೈ ಬರುವುದಿಲ್ಲ. ನಾನು ನೇಯಲು ಕೂತಿದ್ದು ಈ ಎರಡು ಕಿರಿಕಿರಿಯಿಂದ. ಕಲೆಯ ಮೇಲಿನ ಪ್ರೀತಿ ಅಂತ ಹೇಳಿದರೆ ಸುಳ್ಳಾಗುತ್ತದೆ.

ಈಗ ನಾಲ್ಕು ಮಳೆಗಾಲ ಕಳೆದಿವೆ. ಐದು ಥರದ ಮಗ್ಗ ಮಾಡಿ ನೋಡಿದ್ದೇನೆ. ಮಗ್ಗ ಅಂದರೆ ದೊಡ್ಡದೇನೂ ಅಲ್ಲ. ಒಂದು ರಟ್ಟಿನ ತುಂಡು, ಇನ್ನೊಂದು ಹಳೇ ಕಿಟಕಿಯ ಚೌಕಟ್ಟು, ಹೀಗೆ. ಈ ವರ್ಷ ಇಬ್ಬರು ಒಂದೇ ಪ್ರಶ್ನೆ ಕೇಳಿದರು: "ಶುರು ಮಾಡೋದಾದ್ರೆ ಯಾವುದರಿಂದ?" ಒಬ್ಬರು ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಆಯಿ. ಇನ್ನೊಬ್ಬಳು ಕಾರವಾರದಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿರುವ ಚಿಕ್ಕಮ್ಮನ ಮಗಳು. ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕಡೆ ಬಲೆ ಹೆಣೆಯುವವರಿದ್ದಾರೆ, ಚಾಪೆ ಹೆಣೆಯುವವರಿದ್ದಾರೆ, ಬೆತ್ತದ ಬುಟ್ಟಿ ಮಾಡುವವರಿದ್ದಾರೆ. ಮಗ್ಗದ ಸದ್ದು ಮಾತ್ರ ಕಮ್ಮಿ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿದರಲ್ಲ, ಆ ಕಾಲದಲ್ಲಿ ಇಲ್ಲಿಂದ ಮೆಣಸಿನ ಜೊತೆ ನಯವಾದ ಮಸ್ಲಿನ್ ಬಟ್ಟೆಯೂ ಹಡಗು ಹತ್ತುತ್ತಿತ್ತು. ಆದರೆ ಅದನ್ನು ನೇಯುತ್ತಿದ್ದದ್ದು ಘಟ್ಟದ ಮೇಲೆ, ಹುಬ್ಬಳ್ಳಿ ಕಡೆ. ಹಾಗಾಗಿ ಪಕ್ಕದ ಮನೆಯ ಜಗಲಿಯಲ್ಲಿ ನೋಡಿ ಕಲಿಯುವ ಭಾಗ್ಯ ನಮಗಿಲ್ಲ. ಕೆಡಿಸಿ ಕೆಡಿಸಿಯೇ ಕಲಿಯಬೇಕು.

ಎರಡು ಪದ ಗೊತ್ತಿದ್ದರೆ ಸಾಕು. ಉದ್ದಕ್ಕೆ ಬಿಗಿದು ಕಟ್ಟುವ ಎಳೆ ಹಾಸು. ಅದರ ಮೇಲೊಮ್ಮೆ ಕೆಳಗೊಮ್ಮೆ ಅಡ್ಡ ಹೋಗುವ ಎಳೆ ಹೊಕ್ಕು. ಮಾತಿನಲ್ಲಿ 'ಹಾಸುಹೊಕ್ಕು' ಅನ್ನುತ್ತೇವಲ್ಲ, ಅದೇ. ಮಗ್ಗದ ಮುಖ್ಯ ಕೆಲಸ ಹಾಸನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಉಳಿದದ್ದೆಲ್ಲ ನಿಮ್ಮ ಕೈಯದು.

ಮೊದಲು, ಮ್ಯಾಟು ಎಲ್ಲಿಗೆ?

ಎಲ್ಲರೂ ಮಗ್ಗದಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊಬೈಲಿನಲ್ಲಿ ಚೆಂದ ಕಂಡ ಒಂದು ಪುಟ್ಟ ಮಗ್ಗದ ಕಿಟ್ ತರಿಸಿದೆ. ಮೂರನೇ ದಿನ ಅದರ ಪ್ಲಾಸ್ಟಿಕ್ ಹಲ್ಲುಗಳು ಒಂದೊಂದಾಗಿ ಮುರಿದವು. ಸೀರೆ ಪಟ್ಟಿಯ ಎಳೆತಕ್ಕೆ ಅದು ಆಗುವುದಲ್ಲ, ಮಕ್ಕಳು ಉಣ್ಣೆಯಲ್ಲಿ ಆಡುವುದಕ್ಕೆ ಮಾಡಿದ್ದು. ತಪ್ಪು ಕಿಟ್ಟಿನದಲ್ಲ, ನಾನು ಏನು ನೇಯುತ್ತೇನೆ ಅಂತ ಯೋಚಿಸದೇ ಇದ್ದದ್ದು.

ನೇಯ್ದ ಮೇಲೆ ಅದು ನೀರು ಬೀಳುವ ಕಡೆ ಹೋಗುತ್ತದಾ, ಬಿಸಿ ತಾಗುವ ಕಡೆಗಾ, ಅಥವಾ ಬರೀ ಚೆಂದಕ್ಕಾ? ಇಷ್ಟು ತೀರ್ಮಾನವಾದರೆ ಎಳೆ ಯಾವುದು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ. ಮಗ್ಗಕ್ಕೆ ಇನ್ನೊಂದು ಪ್ರಶ್ನೆ: ಅರ್ಧ ನೇಯ್ದದ್ದನ್ನು ಹದಿನೈದು ದಿನ ಎಲ್ಲಿ ಇಡುತ್ತೀರಿ? ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಗ್ಗ ಇಡಲು ಜಾಗ ಇಲ್ಲದ ಮನೆಯಲ್ಲಿ ಅರ್ಧ ಮ್ಯಾಟು ಮಂಚದ ಕೆಳಗೆ ಹೋಗುತ್ತದೆ. ಮಂಚದ ಕೆಳಗೆ ಹೋದದ್ದು ವಾಪಸ್ ಬಂದದ್ದು ನಾನಂತೂ ನೋಡಿಲ್ಲ.

ರಟ್ಟಿನ ಮಗ್ಗ

ಕಾರವಾರದ ತಂಗಿಗೆ ಹೇಳಿದ್ದು ಇದನ್ನೇ. ಅವಳಿಗೆ ಎಂಟು ವರ್ಷದ ಮಗಳು. ಮನೆಯಲ್ಲಿ ಒಂದು ಮೊಳೆ ಹೊಡೆದರೆ ಕೆಳಗಿನವರು ಮೇಲೆ ಹತ್ತಿ ಬರುತ್ತಾರೆ. ಮಿಕ್ಸಿ ಬಂದ ಪೆಟ್ಟಿಗೆಯಿಂದ 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ತುಂಡು ಕತ್ತರಿಸಿಕೊಂಡಳು. ಮೇಲೆ ಕೆಳಗೆ 1 ಸೆಂ.ಮೀ.ಗೊಂದು ಕಚ್ಚು, ಅರ್ಧ ಸೆಂ.ಮೀ. ಆಳ. ಕಚ್ಚಿನಿಂದ ಕಚ್ಚಿಗೆ ದಾರ ಸುತ್ತಿದರೆ ಹಾಸು ಸಿದ್ಧ. ಖರ್ಚು ಸೊನ್ನೆ, ಸಮಯ ಅರ್ಧ ಗಂಟೆ.

ಒಂದೇ ಸೂಕ್ಷ್ಮ ಇದೆ. ರಟ್ಟನ್ನು ಅಡ್ಡ ಕತ್ತರಿಸಿ ನೋಡಿದರೆ ಒಳಗೆ ಅಲೆ ಅಲೆಯಾದ ಹಾಳೆ ಕಾಣುತ್ತದೆ. ಆ ಅಲೆಯ ಕೊಳವೆಗಳು ಹಾಸಿನ ದಿಕ್ಕಿಗೇ, ಅಂದರೆ ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡ ಆದರೆ ದಾರ ಬಿಗಿದ ಕೂಡಲೇ ರಟ್ಟು ಸುಟ್ಟ ಹಪ್ಪಳದ ಹಾಗೆ ಸುರುಟುತ್ತದೆ. ಎರಡು ತುಂಡು ಅಂಟಿಸಿ ದಪ್ಪ ಮಾಡಿದರೆ ಇನ್ನೂ ಒಳ್ಳೆಯದು.

ಇದರಲ್ಲಿ ಲೋಟದ ಕೆಳಗಿಡುವ ಮ್ಯಾಟು, ತಟ್ಟೆಯ ಕೆಳಗಿನ ಮ್ಯಾಟು, ಮಗಳಿಗೊಂದು ಪುಟ್ಟ ಚೀಲ, ಇಷ್ಟು ಆಗುತ್ತದೆ. ಕಾಲೊರಸು ಮಾಡಲು ಹೋಗಬೇಡಿ. ಆ ಬಿಗಿತವನ್ನು ರಟ್ಟು ತಾಳುವುದಿಲ್ಲ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಂತೂ ರಟ್ಟು ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ; ಸಂಜೆ ಬಿಗಿಯಾಗಿದ್ದ ಹಾಸು ಬೆಳಿಗ್ಗೆ ಜೋತುಬಿದ್ದಿರುತ್ತದೆ. ಮೂರು-ನಾಲ್ಕು ತುಂಡು ನೇಯ್ದ ಮೇಲೆ ಕಚ್ಚುಗಳು ಹರಿಯುತ್ತವೆ. ಹರಿಯಲಿ, ಇನ್ನೊಂದು ಪೆಟ್ಟಿಗೆ ಬರುತ್ತದೆ. ಈ ಮಗ್ಗದ ದೊಡ್ಡ ಗುಣ ಅಂದರೆ ನಿಮಗೆ ನೇಯ್ಗೆ ಹಿಡಿಸುತ್ತದೋ ಇಲ್ಲವೋ ಅಂತ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಮೊಳೆ ಹೊಡೆದ ಚೌಕಟ್ಟು

ಹತ್ತರಲ್ಲಿ ಏಳು ಜನರಿಗೆ ನಾನು ಹೇಳುವುದು ಇದನ್ನು. ಹಳೇ ಫೋಟೋ ಫ್ರೇಮು, ತೆಗೆದು ಹಾಕಿದ ಕಿಟಕಿ ಬಾಗಿಲು, ಮುರಿದ ಬೆಂಚಿನ ಪಟ್ಟಿ, ಯಾವುದಾದರೂ ಸರಿ. ನಾಲ್ಕು ಮೂಲೆ ಅಲ್ಲಾಡಬಾರದು ಅಷ್ಟೇ. ನನ್ನದು ಅಡುಗೆಮನೆಯ ಹಳೇ ಕಿಟಕಿಯದು. ಗಾಜು ಒಡೆದಿತ್ತು, ಮರ ಗಟ್ಟಿ ಇತ್ತು. ಒಳ ಅಳತೆ 45 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದ.

ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ 1 ಸೆಂ.ಮೀ.ಗೊಂದರಂತೆ 40-40 ಮೊಳೆ. ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ. ನನ್ನದು ಸೀಳಿತು. ಒಂದು ಮೊಳೆ ಮುಂದೆ, ಪಕ್ಕದ್ದು ಸ್ವಲ್ಪ ಹಿಂದೆ, ಹೀಗೆ ಎರಡು ಸಾಲಾಗಿ ಹೊಡೆಯಿರಿ. ತಲೆ ಸ್ವಲ್ಪ ಹೊರಗೆ ವಾಲಿರಲಿ, ದಾರ ಜಾರುವುದಿಲ್ಲ. ದಾರವನ್ನು ಮೇಲಿನ ಮೊಳೆಗೆ, ಕೆಳಗಿನ ಮೊಳೆಗೆ ಸುತ್ತುತ್ತಾ ಹೋದರೆ ಪ್ರತಿ ಮೊಳೆಗೆ ಎರಡೆರಡು ಎಳೆ ಬರುತ್ತದೆ. ಎರಡನ್ನೂ ಸೇರಿಸಿ ಒಂದೇ ಅಂತ ಹಿಡಿಯಿರಿ. ಕಾಲೊರಸಿಗೆ ಆ ಗಟ್ಟಿತನ ಬೇಕು. ಈ ಅಳತೆಗೆ ಹಾಸಿನ ದಾರ ಸುಮಾರು 50 ಮೀಟರ್ ಹಿಡಿಯುತ್ತದೆ.

ಇದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನೇಯಬಹುದು, ತೊಡೆಯ ಮೇಲೂ ಇಟ್ಟುಕೊಳ್ಳಬಹುದು. ನಿಲ್ಲಿಸುವುದೇ ವಾಸಿ, ಕುತ್ತಿಗೆ ಉಳಿಯುತ್ತದೆ. ನವಲಗುಂದದಲ್ಲಿ ಹೆಂಗಸರು ಜಮಖಾನೆ ನೇಯುವುದೂ ಹೀಗೆ ನಿಂತ ಮಗ್ಗದಲ್ಲೇ. ಹೊಕ್ಕನ್ನು ಕೆಳಗೆ ಬಡಿದು ಕೂರಿಸಲು ನನ್ನ ಬಳಿ ಇರುವುದು ಹಲ್ಲು ದೂರ ದೂರ ಇರುವ ಹಳೇ ಬಾಚಣಿಗೆ. ಊಟದ ಫೋರ್ಕ್ ಕೂಡ ನಡೆಯುತ್ತದೆ.

ಇಲ್ಲೇ ಎಲ್ಲರೂ ಎಡವುವುದು. ನನ್ನ ಮೊದಲ ಮ್ಯಾಟನ್ನು ಆಯಿಗೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದೆಂತ ಮಾರಾಯ್ತಿ, ಮ್ಯಾಟಿಗೆ ಸೊಂಟ ಬಂತಲ್ಲ!" ಅಂದರು. ಎರಡೂ ತುದಿ ಅಗಲ, ನಡುವೆ ಸಣ್ಣ. ಡಮರು. ಪ್ರತಿ ಸಾಲಿನಲ್ಲೂ ಹೊಕ್ಕನ್ನು ಸ್ವಲ್ಪ ಸ್ವಲ್ಪ ಜಾಸ್ತಿ ಎಳೆದದ್ದೇ ಕಾರಣ. ಹೊಕ್ಕು ನೇರ ಹೋಗುವುದಿಲ್ಲ, ಹಾಸಿನ ಮೇಲೆ ಕೆಳಗೆ ಹತ್ತಿಳಿಯುತ್ತಾ ಹೋಗುತ್ತದೆ. ಆ ಹತ್ತಿಳಿಯುವುದಕ್ಕೆ ಹೆಚ್ಚು ಉದ್ದ ಬೇಕು. ಅದನ್ನು ನೀವು ಕೊಡದಿದ್ದರೆ ಅದು ಅಂಚನ್ನು ಒಳಗೆ ಎಳೆದುಕೊಂಡು ವಸೂಲು ಮಾಡುತ್ತದೆ.

ಉಪಾಯ ಹೀಗೆ. ಹೊಕ್ಕಿನ ಪಟ್ಟಿಯನ್ನು ಬಲದಿಂದ ಎಡಕ್ಕೆ ದಾಟಿಸಿದ ಮೇಲೆ ಎಳೆದು ನೇರ ಮಾಡಬೇಡಿ. ಅಂಚಿನಲ್ಲಿ ಬೆರಳಿಂದ ಹಿಡಿದು, ನಡುವೆ ಸಣ್ಣ ಗುಡ್ಡದ ಹಾಗೆ ಮೇಲೆ ಬಿಡಿ. ಆಮೇಲೆ ಬಾಚಣಿಗೆಯಿಂದ ಮೊದಲು ಗುಡ್ಡದ ನೆತ್ತಿ, ಆಮೇಲೆ ಎರಡೂ ಪಕ್ಕ ಒತ್ತಿ. ಗುಡ್ಡ ಕರಗಿ ಸಾಲಾಗಿ ಕೂರುತ್ತದೆ. ಹತ್ತು ಸಾಲಿಗೊಮ್ಮೆ ಸ್ಕೇಲು ಹಿಡಿದು ಅಗಲ ನೋಡಿ. ಅರ್ಧ ಸೆಂ.ಮೀ. ಕಮ್ಮಿ ಬಂದರೂ ಬಿಚ್ಚಿ. ಈಗ ಬಿಚ್ಚುವುದು ಹತ್ತು ನಿಮಿಷದ ಕೆಲಸ, ಆಮೇಲೆ ಬಿಚ್ಚುವುದು ಯಾರಿಂದಲೂ ಆಗುವುದಿಲ್ಲ.

ಚೌಕಟ್ಟಿನ ಕೊರತೆ ಎರಡು. ಚೌಕಟ್ಟು ಎಷ್ಟು ದೊಡ್ಡದೋ ಮ್ಯಾಟು ಅದಕ್ಕಿಂತ ಸ್ವಲ್ಪ ಸಣ್ಣದೇ. ಮತ್ತೆ ಕೊನೆಯ ನಾಲ್ಕು ಬೆರಳು ಜಾಗದಲ್ಲಿ ಕೈ ಆಡುವುದಿಲ್ಲ. ಅಲ್ಲಿ ದಬ್ಬಣವೇ ಗತಿ. ಅಡಿಕೆ ಚೀಲ ಹೊಲಿಯುವ ದಬ್ಬಣ ಶಿರಸಿ ಕಡೆಯ ಮನೆಗಳಲ್ಲಿ ಹೇಗೂ ಇರುತ್ತದೆ.

ಇನ್ನು ಲಾಳಿಯ, ಅಂದರೆ ಹೊಕ್ಕನ್ನು ಸುತ್ತಿಟ್ಟುಕೊಂಡು ದಾಟಿಸುವ ಸಾಧನದ ವಿಷಯ. ಮೊದಲು ರಟ್ಟಿನ ತುಂಡಿಗೆ ಪಟ್ಟಿ ಸುತ್ತಿ ದಾಟಿಸುತ್ತಿದ್ದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಬಂದರಿನಲ್ಲಿ ಬಲೆ ರಿಪೇರಿ ಜೋರು. ಅಲ್ಲಿ ಅವರ ಕೈಯಲ್ಲಿದ್ದ ಬಲೆ ಹೆಣೆಯುವ ಚಪ್ಪಟೆ ಸೂಜಿ ಕಂಡು ತಲೆ ಹೊಳೆಯಿತು. ಒಂದು ತುದಿ ಚೂಪು, ಒಳಗೆ ನಾಲಿಗೆಯಂಥ ಕಡ್ಡಿ, ಅದಕ್ಕೆ ದಾರ ಸುತ್ತಿಟ್ಟುಕೊಳ್ಳಬಹುದು. ಬಲೆ ಸಾಮಾನಿನ ಅಂಗಡಿಯಲ್ಲಿ ಒಂದು ಚಹಾ, ಒಂದು ಬನ್ಸ್ ತಿಂದಷ್ಟು ದುಡ್ಡಿಗೆ ಪ್ಲಾಸ್ಟಿಕ್ಕಿನದು ಸಿಕ್ಕಿತು. ತೆಳು ಹೊಕ್ಕಿಗೆ ಇದಕ್ಕಿಂತ ಒಳ್ಳೆಯ ಲಾಳಿ ಬೇಡ. ದಪ್ಪ ಸೀರೆ ಪಟ್ಟಿಗೆ ಮಾತ್ರ ದೊಡ್ಡ ಅಳತೆಯದೇ ಕೇಳಿ.

ಗೂಟದ ಮಗ್ಗ

ಆಯಿಗೆ ಕೊಟ್ಟ ಉತ್ತರ ಇದು. ಅವರಿಗೆ ಎಪ್ಪತ್ತು ದಾಟಿದೆ, ಕಣ್ಣು ಮೊದಲಿನ ಹಾಗಿಲ್ಲ. ಚೌಕಟ್ಟಿನ ಎಳೆಗಳಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಅಂತ ಹುಡುಕುವುದು ಕಷ್ಟ.

ಒಂದು ಮರದ ಪಟ್ಟಿ, ಅದರಲ್ಲಿ ಸಾಲಾಗಿ ತೂತು, ತೂತಿಗೊಂದು ಬಿದಿರಿನ ಗೂಟ. ಗೂಟ ಒಂದು ಗೇಣು ಉದ್ದ, ಹೆಬ್ಬೆರಳಿಗಿಂತ ಸಣ್ಣ. ಪ್ರತಿ ಗೂಟದ ಬುಡದಲ್ಲಿ ಸಣ್ಣ ತೂತು ಕೊರೆದು ಅದಕ್ಕೆ ಹಾಸಿನ ದಾರ ಪೋಣಿಸಬೇಕು. ಹೊಕ್ಕನ್ನು ಗೂಟಗಳ ಹಿಂದೆ ಮುಂದೆ ಸುತ್ತುತ್ತಾ ಹೋಗುವುದು, ಬೇಲಿ ಹೆಣೆದ ಹಾಗೆ. ಗೂಟ ತುಂಬಿದ ಮೇಲೆ ಒಂದೊಂದೇ ಗೂಟ ಮೇಲೆತ್ತಿ, ನೇಯ್ದದ್ದನ್ನು ಕೆಳಗಿನ ದಾರಕ್ಕೆ ಜಾರಿಸಿ, ಗೂಟವನ್ನು ವಾಪಸ್ ಊರುವುದು. ದಾರ ಎಷ್ಟು ಉದ್ದ ಬಿಟ್ಟಿರುತ್ತೀರೋ ಮ್ಯಾಟು ಅಷ್ಟು ಉದ್ದ ಬೆಳೆಯುತ್ತದೆ.

ಹಾಸು ಬಿಗಿಯುವ ತಲೆನೋವಿಲ್ಲ, ಸೊಂಟ ಬರುವ ಭಯ ಕಮ್ಮಿ. ಗೂಟ ದಪ್ಪ, ಕೈಗೇ ತಿಳಿಯುತ್ತದೆ, ಕಣ್ಣು ಬೇಡ. ಆಯಿ ಟಿ.ವಿ. ಧಾರಾವಾಹಿ ನೋಡುತ್ತಲೇ ನೇಯುತ್ತಾರೆ. ಆದರೆ ನೇಯ್ಗೆ ಸಡಿಲ, ದಪ್ಪ, ಭಾರ. ಕುರ್ಚಿಯ ಮೇಲೆ ಹಾಕಲು, ಹಾಸಿಗೆ ಪಕ್ಕ ಕಾಲಿಡಲು ಸರಿ. ಚೀಲ-ಗೀಲ ಇದರಲ್ಲಿ ಆಗುವ ಮಾತಲ್ಲ. ತೂತು ಕೊರೆಯಲು ಡ್ರಿಲ್ ಬೇಕು. ನಮ್ಮ ಊರಿನ ಆಚಾರಿ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ಗೂಟವನ್ನು ಸೀಬು ಹೋಗುವಷ್ಟು ಉಜ್ಜಿಸಿಕೊಳ್ಳುವುದು ಮರೆಯಬೇಡಿ.

ಸೈಕಲ್ ರಿಮ್, ಸೊಂಟದ ಮಗ್ಗ

ಗುಂಡು ಮ್ಯಾಟಿಗೆ ಸೈಕಲ್ ರಿಮ್ ಒಳ್ಳೆಯದು. ಕಡ್ಡಿ ತೆಗೆಸಿದರೆ ಅಂಚಿನ ತೂತುಗಳೇ ಹಾಸು ಕಟ್ಟುವ ಜಾಗ. ಒಂದೇ ತೊಡಕು. ಗುಂಡಗೆ ನೇಯುವಾಗ ಹಾಸಿನ ಎಳೆಗಳ ಲೆಕ್ಕ ಬೆಸ ಇರಬೇಕು. ಸಮ ಇದ್ದರೆ ಎರಡನೇ ಸುತ್ತಿನಲ್ಲೂ ಹೊಕ್ಕು ಹೋದ ದಾರಿಯಲ್ಲೇ ಹೋಗುತ್ತದೆ, ನೇಯ್ಗೆ ಕೂಡುವುದೇ ಇಲ್ಲ. ರಿಮ್ಮಿನ ತೂತುಗಳೋ ಸಮಸಂಖ್ಯೆ. ಆದ್ದರಿಂದ ಒಂದು ಕಡೆ ಪಕ್ಕಪಕ್ಕದ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಒಂದು ಅಂತ ಲೆಕ್ಕ ಹಾಕಿ. ನಾನು ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಕಳೆದೆ. ಇನ್ನೊಂದು, ಹೊಕ್ಕು ಬಿಗಿ ಎಳೆದರೆ ಗುಂಡು ಮ್ಯಾಟು ಬಟ್ಟಲಾಗುತ್ತದೆ. ಕೆಲವರು ಅದನ್ನೇ ಬುಟ್ಟಿ ಅಂತ ಕೊಟ್ಟುಬಿಡುತ್ತಾರೆ, ನಾನೂ ಕೊಟ್ಟಿದ್ದೇನೆ.

ಸೊಂಟದ ಮಗ್ಗ ನಾಗಾಲ್ಯಾಂಡ್, ಮಣಿಪುರದ ಹೆಂಗಸರದು. ಹಾಸಿನ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನಿಮ್ಮ ಸೊಂಟದ ಪಟ್ಟಿಗೆ. ಹಿಂದೆ ಒರಗಿದರೆ ಬಿಗಿ, ಮುಂದೆ ಬಾಗಿದರೆ ಸಡಿಲ. ನಾಲ್ಕು ಬಿದಿರು ಕೋಲು, ಸೊಂಟಕ್ಕೆ ಹಳೇ ಬೆಡ್‌ಶೀಟಿನ ಪಟ್ಟಿ, ಇಷ್ಟೇ ಸಾಮಾನು. ಕೆಲಸ ಮುಗಿದ ಮೇಲೆ ಸುತ್ತಿ ಮೂಲೆಗೆ ಇಡಬಹುದು, ಫ್ಲ್ಯಾಟಿನವರಿಗೆ ಅನುಕೂಲ. ಆದರೆ ಇದಕ್ಕೆ ಸಣ್ಣ ನೂಲು ಬೇಕು, ಹರಕು ಬಟ್ಟೆಯ ಪಟ್ಟಿ ಇದರಲ್ಲಿ ಸರಾಗ ಹೋಗುವುದಿಲ್ಲ. ಚೀಲದ ಪಟ್ಟಿ, ಬೆಲ್ಟು ನೇಯಲು ಚೆಂದ. ಮೊದಲ ಮಗ್ಗವಾಗಿ ನಾನು ಹೇಳುವುದಿಲ್ಲ. ಬೆನ್ನು ನೋವಿದ್ದವರಿಗಂತೂ ಬೇಡವೇ ಬೇಡ.

ಹೊಕ್ಕಿಗೆ ಹಳೇದು, ಹಾಸಿಗೆ ಹೊಸದು

ಹಾಸಿಗೆ ಅಂದರೆ ಮಲಗುವ ಹಾಸಿಗೆಯಲ್ಲ, ಹಾಸು ಎಳೆಗೆ. ಮರುಬಳಕೆ ಅಂತ ಹೊರಟ ಮೇಲೆ ಎಲ್ಲವೂ ಹಳೇದೇ ಆಗಬೇಕು ಅನ್ನುವ ಹಟ ನನಗೂ ಇತ್ತು. ಮೊದಲ ಸಲ ಹಳೇ ನೈಲಾನ್ ಹಗ್ಗ ಬಿಚ್ಚಿ ಹಾಸು ಕಟ್ಟಿದೆ. ಬಿಗಿದಾಗ ಎಳೆದುಕೊಂಡಿತು. ಮಗ್ಗದಿಂದ ಇಳಿಸಿದ ಕೂಡಲೇ ರಬ್ಬರಿನ ಹಾಗೆ ವಾಪಸ್ ಸೇದಿತು. ಮ್ಯಾಟು ಮುದುಡಿ ಕೂತಿತು. ಎರಡನೇ ಸಲ ಚೀಲದಿಂದ ತೆಗೆದ ಸೆಣಬಿನ ಎಳೆ. ಅರ್ಧ ನೇಯ್ದಾಗ ಪಟ್ ಅಂತ ಒಂದು ಹರಿಯಿತು, ಮರುದಿನ ಮೂರು.

ಒಂದು ಹೊಕ್ಕು ಹರಿದರೆ ಒಂದು ಸಾಲು ಕೆಡುತ್ತದೆ, ಒಂದು ಹಾಸು ಹರಿದರೆ ಇಡೀ ಮ್ಯಾಟು. ಹಾಗಾಗಿ ಹತ್ತಿಯ ಗಟ್ಟಿ ಹುರಿಯ ಒಂದು ಉಂಡೆ ಕೊಂಡುಕೊಳ್ಳಿ. ಈಗ ನಾನು ಖರ್ಚು ಮಾಡುವುದು ಇದಕ್ಕೊಂದೇ. ಎರಡು ಪರೀಕ್ಷೆ ಸಾಕು: ಎರಡೂ ಕೈಯಿಂದ ಜೋರಾಗಿ ಜಗ್ಗಿದರೆ ತುಂಡಾಗಬಾರದು, ಬಿಟ್ಟರೆ ಗಿಡ್ಡ ಆಗಬಾರದು. ಹೂ ಕಟ್ಟುವ ದಾರ ಮೊದಲ ಪರೀಕ್ಷೆಯಲ್ಲೇ ಸೋಲುತ್ತದೆ. ಮೀನಿನ ಗಾಳದ ದಾರ ಎರಡನೆಯದರಲ್ಲಿ.

ಹೊಕ್ಕಿಗೆ ಏನು?

ಸೀರೆಯೇ ರಾಜ. ಲೆಕ್ಕ ಹಾಕಿ ನೋಡಿ. ಐದೂವರೆ ಮೀಟರ್ ಸೀರೆ, ಅಗಲ 1.15 ಮೀಟರ್ ಅಂತ ಇಟ್ಟುಕೊಳ್ಳಿ. ಉದ್ದಕ್ಕೆ 2.5 ಸೆಂ.ಮೀ. ಪಟ್ಟಿ ಮಾಡಿದರೆ 46 ಪಟ್ಟಿ, ಒಟ್ಟು 250 ಮೀಟರ್ ದಾಟುತ್ತದೆ. ನನ್ನ ಕಿಟಕಿ ಚೌಕಟ್ಟಿನ ಮ್ಯಾಟಿಗೆ ಒತ್ತಿ ನೇಯ್ದರೆ 50-55 ಮೀಟರ್ ಬೇಕು. ಒಂದು ಸೀರೆಗೆ ನಾಲ್ಕು ಕಾಲೊರಸು. ಪಟ್ಟಿಯನ್ನು ತುದಿ ತನಕ ಹರಿಯಬೇಡಿ. ಎರಡು ಬೆರಳು ಬಿಟ್ಟು, ಅಲ್ಲಿಂದ ತಿರುಗಿ ಮುಂದಿನ ಪಟ್ಟಿ ಹರಿಯಿರಿ. ಗಂಟಿಲ್ಲದ ಒಂದೇ ಉದ್ದ ಪಟ್ಟಿ ಸಿಗುತ್ತದೆ. ಜರಿ ಅಂಚು ಬೇರೆ ತೆಗೆದಿಡಿ, ಕಾಲಿಗೆ ಚುಚ್ಚುತ್ತದೆ.

ಆದರೆ ಯಾವ ಸೀರೆ? ಇಲ್ಲಿ ಹತ್ತಿಗೂ ಪಾಲಿಯೆಸ್ಟರ್‌ಗೂ ಅಜಗಜಾಂತರ. ಗುರುತು ಸಿಗದಿದ್ದರೆ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಬೆಂಕಿ ತೋರಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ, ಮುಟ್ಟಿದರೆ ಪುಡಿ. ಪಾಲಿಯೆಸ್ಟರ್ ಕರಗಿ, ತಣ್ಣಗಾದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಬಿಸಿ ಪಾತ್ರೆ ಇಡುವ ಮ್ಯಾಟಿಗೆ ಹತ್ತಿಯೇ ಆಗಬೇಕು. ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಕಾದ ಬಾಣಲೆ ಇಟ್ಟರೆ ಮ್ಯಾಟು ಕರಗಿ ಅಂಟಿಕೊಂಡು ಬರಬಹುದು. ಒಳಗೆ, ಒಣ ಜಾಗದಲ್ಲಿ ಕಾಲೊರಸಲು ಹತ್ತಿಗೆ ಸಾಟಿಯಿಲ್ಲ, ನೀರು ಹೀರುತ್ತದೆ. ಹೀರಿದ್ದನ್ನು ಬಿಡುವುದಿಲ್ಲ ಅನ್ನುವುದೇ ನಮ್ಮ ಮಳೆಗಾಲದ ತೊಂದರೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಹೊರ ಬಾಗಿಲಲ್ಲಿ ಪಾಲಿಯೆಸ್ಟರ್ ಸೀರೆಯದು. ಕೊಡವಿ ಹಗ್ಗಕ್ಕೆ ಹಾಕಿದರೆ ಮಳೆ ನಡುವೆಯೂ ಒಂದು ದಿನದಲ್ಲಿ ಒಣಗುತ್ತದೆ. ಯಾರೂ ಉಡದ ಆ ಸೀರೆಗಳಿಗೆ ಕೊನೆಗೂ ಒಂದು ದಾರಿಯಾಯಿತು, ಅಲ್ವಾ?

ಟಿ-ಶರ್ಟ್ ಮೊದಲ ಸಲ ನೇಯುವವರಿಗೆ ಸುಲಭ. ತೋಳಿನ ಕೆಳಗಿನ ಭಾಗವನ್ನು ಸುರುಳಿಯಾಗಿ ಕತ್ತರಿಸುತ್ತಾ ಹೋಗಿ, ಎಳೆದರೆ ತಾನೇ ಸುರುಟಿಕೊಂಡು ದುಂಡು ದಾರವಾಗುತ್ತದೆ. ಅಂಚು ಬಿಚ್ಚುವುದಿಲ್ಲ. ದೊಡ್ಡವರ ಒಂದು ಟಿ-ಶರ್ಟ್‌ಗೆ ಸುಮಾರು 16 ಮೀಟರ್, ಮೂರ್ನಾಲ್ಕು ಇದ್ದರೆ ಒಂದು ಮ್ಯಾಟು. ಆದರೆ ಹಿಗ್ಗುವ ಗುಣ ಇದೆಯಲ್ಲ, ಸೊಂಟ ಬರುವುದೂ ಇದರಲ್ಲೇ ಬೇಗ. ನೈಟಿ, ಲುಂಗಿ, ಪಂಚೆ ಎಲ್ಲ ಹತ್ತಿಯ ಲೆಕ್ಕಕ್ಕೇ ಸೇರಿಸಿ. ಹೊಸ ಬಣ್ಣದ್ದಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟು ಬಣ್ಣ ಬಿಡುತ್ತದೆಯೇ ನೋಡಿ. ನನ್ನ ಬಿಳಿ ಪಂಚೆ-ಕೆಂಪು ನೈಟಿ ಮ್ಯಾಟು ಮೊದಲ ಒಗೆತಕ್ಕೆ ಗುಲಾಬಿಯಾಯಿತು.

ಹಾಲಿನ ಪ್ಯಾಕೆಟ್ಟು ಬಚ್ಚಲ ಬಾಗಿಲಿಗೆ. ಸೋಪಿನ ನೀರಲ್ಲಿ ಒಳಗೆ ಹೊರಗೆ ತೊಳೆದು ಒಣಗಿಸದಿದ್ದರೆ ಮನೆಯೆಲ್ಲ ಹುಳಿ ವಾಸನೆ. ಮೇಲಿನ ಕೆಳಗಿನ ಹೊಲಿಗೆ ಕತ್ತರಿಸಿ ತೆಗೆದರೆ ಕೊಳವೆ, ಅದನ್ನು 3 ಸೆಂ.ಮೀ. ಅಗಲದ ಬಳೆಗಳಾಗಿ ಕತ್ತರಿಸಿ, ಒಂದರೊಳಗೊಂದು ಕುಣಿಕೆ ಹಾಕಿ ಸರ ಮಾಡಬೇಕು. ಅರ್ಧ ಲೀಟರಿನ ಪ್ಯಾಕೆಟ್ಟಿಗೆ ಐದು ಬಳೆ ಬರುತ್ತದೆ. ನನ್ನ ಅಳತೆಯ ಮ್ಯಾಟಿಗೆ ಸುಮಾರು 50 ಪ್ಯಾಕೆಟ್ ಬೇಕಾಯಿತು. ದಿನಕ್ಕೊಂದು ತರುವ ಮನೆಗೆ ಒಂದೂವರೆ ತಿಂಗಳ ಉಳಿತಾಯ. ಒಳ್ಳೆಯದಾಗಿ ಒಣಗುತ್ತದೆ, ಬೂಷ್ಟಿನ ಮಾತಿಲ್ಲ. ಆದರೆ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡುಗಳನ್ನು ನಾಲ್ಕು ಮೂಲೆಗೆ ಹೊಲಿಯದೆ ಹಾಕಲೇಬೇಡಿ.

ದೋಣಿಯ ನೀಲಿ-ಹಸಿರು ಪ್ಲಾಸ್ಟಿಕ್ ಹಗ್ಗ ಬಿಚ್ಚಿದರೆ ಅಂಗಳದ ಮ್ಯಾಟಿಗೆ ಗಟ್ಟಿ ಹೊಕ್ಕು, ಕೆಸರು ಚೆನ್ನಾಗಿ ಕೆರೆಯುತ್ತದೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಪುಡಿ ಪುಡಿ ಉದುರುತ್ತದೆ, ಆಗ ತೆಗೆದುಬಿಡಿ. ಹಳೇ ಬಲೆ ಬೇಡ. ಎಷ್ಟು ತೊಳೆದರೂ ಮೀನಿನ ವಾಸನೆ, ನಮ್ಮ ಬೆಕ್ಕು ಮೂರು ದಿನ ಅದರ ಮೇಲಿಂದ ಎದ್ದಿಲ್ಲ. ಅಡಿಕೆಯ ಹಳೇ ಗೋಣಿಚೀಲದ ಎಳೆ ನೋಡಲು ಬಹಳ ಚೆಂದ, ಗೋಡೆಗೆ ಸರಿ. ಒದ್ದೆಯಾದರೆ ಕೊಳೆಯುತ್ತದೆ, ಒಣಗಿದರೆ ನಾರು ಉದುರುತ್ತದೆ. ಬಾಳೆನಾರನ್ನು ಸ್ವಲ್ಪ ಒದ್ದೆ ಮಾಡಿಯೇ ನೇಯಬೇಕು, ಒಣ ನಾರು ಬಾಗುವಲ್ಲಿ ಮುರಿಯುತ್ತದೆ.

ನೇಯಬಾರದ ಬಟ್ಟೆಯೂ ಇದೆ

ಆಯಿಯ ಅಟ್ಟದಲ್ಲಿ ಒಂದು ಟ್ರಂಕು ತುಂಬ ಹಳೇ ಅರಿವೆ ಇತ್ತು. ಅವನ್ನೆಲ್ಲ ಪಟ್ಟಿ ಹರಿಯಲು ನಾನು ಕತ್ತರಿ ಹಿಡಿದು ಕೂತೆ. ಆಯಿ ತಡೆದರು. ಮೆತ್ತಗಿನ, ಇನ್ನೂ ಗಟ್ಟಿ ಇರುವ ದೊಡ್ಡ ತುಂಡುಗಳಿಗೆ ಕೌದಿಯೇ ಸರಿ ಅಂತ ಅವರ ವಾದ. ಈಗ ನನಗೂ ಹಾಗೇ ಅನಿಸುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದರೆ ಗೊತ್ತಾಗುತ್ತದೆ. ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಇಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲ. ಅಂಥ ಬಟ್ಟೆಯನ್ನು ಹರಿದು ಕಾಲ ಕೆಳಗೆ ಹಾಕುವುದು ಸುಮ್ನೆ ದಂಡ. ತೂತು ಬಿದ್ದದ್ದು, ಜಾಳಾದದ್ದು, ಕಲೆ ಹೋಗದ್ದು, ಯಾರಿಗೂ ಬೇಡದ ಪಾಲಿಯೆಸ್ಟರ್, ಇವು ಮಗ್ಗಕ್ಕೆ.

ಹಾಗಾದರೆ ನಿಮಗೆ ಯಾವುದು?

ಮಕ್ಕಳಿದ್ದಾರೆ, ಜಾಗ ಇಲ್ಲ, ಹಿಡಿಸುತ್ತದೋ ಗೊತ್ತಿಲ್ಲ ಅಂದರೆ ರಟ್ಟು ಮತ್ತು ಟಿ-ಶರ್ಟ್. ರಟ್ಟಿನಲ್ಲಿ ಮಾತ್ರ ಪಟ್ಟಿ ಸಣ್ಣಗೆ ಕತ್ತರಿಸಿ. ದಿನಬಳಕೆಯ ಕಾಲೊರಸು ಬೇಕು, ಗೋಡೆ ಪಕ್ಕ ಒಂದು ಮೊಳ ಜಾಗ ಇದೆ ಅಂದರೆ ಚೌಕಟ್ಟು ಮತ್ತು ಸೀರೆ, ಹಿಂದೆಮುಂದೆ ನೋಡಬೇಡಿ. ದಿನಾ ಒಂದು ತಾಸು ಕೂತರೆ ನಾಲ್ಕೈದು ದಿನಕ್ಕೆ ಮೊದಲನೆಯದು ಇಳಿಯುತ್ತದೆ. ಕಣ್ಣು ಮಂಜು, ಬೆರಳು ಗಡುಸು ಇರುವ ಹಿರಿಯರಿಗೆ ಗೂಟದ ಮಗ್ಗ, ದಪ್ಪ ಹತ್ತಿ ಪಟ್ಟಿ. ರಿಮ್ಮು ಮತ್ತು ಸೊಂಟದ ಮಗ್ಗ ಎರಡನೇ ವರ್ಷಕ್ಕೆ ಇರಲಿ.

ಮಗ್ಗದಿಂದ ಇಳಿಸುವಾಗ ಒಂದೇ ಸಲಕ್ಕೆ ಎಲ್ಲ ಎಳೆ ಕತ್ತರಿಸಬೇಡಿ. ಎರಡು ಎಳೆ ಕತ್ತರಿಸಿ, ಗಂಟು ಹಾಕಿ, ಆಮೇಲೆ ಮುಂದಿನ ಎರಡು. ಗಂಟು ನೇಯ್ಗೆಗೆ ತಾಗಿಕೊಂಡೇ ಕೂರಬೇಕು.

ಕಾರವಾರದ ತಂಗಿಯ ಮಗಳು ಇಲ್ಲಿಯ ತನಕ ಆರು ಲೋಟದ ಮ್ಯಾಟು ನೇಯ್ದಿದ್ದಾಳೆ. ಅವಳಮ್ಮ ಒಂದೂ ಇಲ್ಲ. ಆಯಿ ಎರಡು ಮುಗಿಸಿ ಮೂರನೆಯದಕ್ಕೆ ಬಟ್ಟೆ ಸಾಲದೆ ನಿನ್ನೆ ಫೋನ್ ಮಾಡಿದ್ದರು. "ನಿನ್ನ ಆ ಹಸಿರು ಸೀರೆ ಉಡ್ತಿಯೋ ಇಲ್ಲವೋ?" ಅಂತ.